ಅಂಗೈಗೆ ಒಂದು ವ್ಯಾಟ್

ಆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಎಲ್ಲ ಕೆಲಸವೂ ಒಂದು ಸುಳ್ಳಿನ ಮೇಲೆ ಸರಿಯಾಗಿ ನಡೆದಿತ್ತು. ಸುಳ್ಳು ಹೇಳುತ್ತಿದ್ದದ್ದು ಪರೀಕ್ಷೆಯ ಬೆಂಚಿನ ಮೇಲಿದ್ದ ಆಂಪಿಯರ್ ಮೀಟರು. ತಂತಿಯಲ್ಲಿ ಒಂದು ಆಂಪಿಯರ್ ಹರಿದರೆ ಅದರ ಮುಳ್ಳು ಒಂದೂವರೆಗೆ ಹೋಗಿ ನಿಲ್ಲುತ್ತಿತ್ತು. ಎರಡು ಹರಿದರೆ ಮೂರಕ್ಕೆ. ಎಲ್ಲರೂ ಸೇರಿ ಅದಕ್ಕೆ ಬಡಾಯಿ ಎಂದು ಹೆಸರಿಟ್ಟಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಪಾಯಿಖಾನೆ ಎಲ್ಲಿದೆ ಎಂದು ತೋರಿಸುವ ಮೊದಲೇ ಇದನ್ನು ಹೇಳಿಕೊಡುತ್ತಿದ್ದರು: ಬಡಾಯಿ ಹೇಳಿದ್ದರಲ್ಲಿ ಮೂರನೇ ಒಂದು ಪಾಲು ಕಳೆ, ಉಳಿದದ್ದು ನಿಜ.

"ಊರಲ್ಲಿರೋ ಬಡಾಯಿಗಳೆಲ್ಲ ಹೀಗೆ ಒಂದೇ ಅಳತೆಯಲ್ಲಿ ಕೊಚ್ಚಿಕೊಂಡ್ರೆ ಬದುಕು ಎಷ್ಟು ಸಲೀಸಾಗಿರ್ತಿತ್ತು" ಎನ್ನುತ್ತಿದ್ದ ಹಳೆಯ ಮೇಸ್ತ್ರಿ. ಅವನು ಸತ್ತು ಆರು ವರ್ಷವಾಗಿತ್ತು. ಅವನ ಮಾತುಗಳು ಮಾತ್ರ ಬೆಂಚಿನ ಸುತ್ತ ಇನ್ನೂ ಓಡಾಡಿಕೊಂಡಿದ್ದವು. ತಣ್ಣಗಿರುವ ತಂತಿಯನ್ನು ಅಳೆಯಬೇಡ, ಅದು ನಿದ್ದೆಯಲ್ಲಿರುವವನನ್ನು ನಿನ್ನ ಸ್ವಭಾವವೇನು ಎಂದು ಕೇಳಿದ ಹಾಗೆ. ವಿದ್ಯುತ್ ಕೊಟ್ಟು, ಬಿಸಿಯಾದ ಮೇಲೆ ಅಳೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸು, ತಂತಿಯ ರೋಧ ಸಿಗುತ್ತದೆ, ಅಂದರೆ ಅದು ಎಷ್ಟು ತಡೆಯುತ್ತದೆ ಅನ್ನುವುದು. ಎರಡನ್ನೂ ಗುಣಿಸು, ವ್ಯಾಟ್ ಸಿಗುತ್ತದೆ, ಅಂದರೆ ಅದು ಎಷ್ಟು ಸುಡುತ್ತದೆ ಅನ್ನುವುದು. ಮನುಷ್ಯರ ಮೈಗೆ ತಾಗುವ ವಸ್ತುವಾದರೆ ಅಂಗೈಯಷ್ಟು ಜಾಗಕ್ಕೆ ಒಂದು ವ್ಯಾಟ್, ಅದಕ್ಕಿಂತ ಒಂದು ಎಳೆ ಹೆಚ್ಚು ಬೇಡ.

ಸುರುಳಿ ಈ ಮಾತುಗಳನ್ನು ಹಲ್ಲುಜ್ಜುವಷ್ಟೇ ಯೋಚನೆಯಿಲ್ಲದೆ ಪಾಲಿಸುತ್ತಿದ್ದ. ಹೀಟರುಗಳಿಗೆ ತಂತಿಯ ಸುರುಳಿ ಸುತ್ತುವುದು ಅವನ ಕೆಲಸ. ಹೆಸರೂ ಅಲ್ಲಿಂದಲೇ ಬಂದದ್ದು. ಮನೆಯಲ್ಲಿ ಅಕ್ಕ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು.

ಅಕ್ಕನಿಗೆ ಸೊಂಟದಿಂದ ಕೆಳಗೆ ಸ್ಪರ್ಶ ಹೋಗಿ ಎರಡು ವರ್ಷವಾಗಿತ್ತು. ಮೂವತ್ತು ವರ್ಷ ಟೆಲಿಫೋನ್ ಆಫೀಸಿನಲ್ಲಿ ಕೂತು ಕಂಡವರ ಮಾತಿಗೆಲ್ಲ ತಂತಿ ಜೋಡಿಸಿಕೊಟ್ಟವಳು, ಬೆನ್ನಿನೊಳಗೆ ಅವಳದೇ ಒಂದು ತಂತಿ ಕಡಿದುಹೋಯಿತು ಎಂದು ತಾನೇ ಹೇಳಿ ನಗುತ್ತಿದ್ದಳು. ಗಂಡ ತೀರಿಹೋಗಿದ್ದ. ಮಗಳಿದ್ದಳು, ಎರಡು ಗಂಟೆ ದೂರದಲ್ಲಿ, ಬಾಡಿಗೆಯ ಎರಡು ಕೋಣೆಯಲ್ಲಿ, ಗಂಡ ಮಕ್ಕಳ ಜೊತೆ. ತಮ್ಮ ಮದುವೆಯಾಗದವನು. "ನನ್ನನ್ನ ಹೊತ್ತು ಬೆಳೆಸಿದವಳು ಅವಳು, ಈಗ ಹೊರೋ ಸರದಿ ನಂದು" ಎಂದು ಅವನು ಅಕ್ಕನನ್ನು ತನ್ನ ಮನೆಗೆ ಕರೆತಂದಿದ್ದ. ಮನೆಯೆಂದರೆ ನೆಲಮಾಳಿಗೆಯಲ್ಲಿ ಒಂದೂವರೆ ಕೋಣೆ. ಕಿಟಕಿಯಿಂದ ಕಾಣುತ್ತಿದ್ದದ್ದು ರಸ್ತೆಯಲ್ಲಿ ಹೋಗುವವರ ಪಾದಗಳು ಮಾತ್ರ. "ನೋಡೋ, ದೇವರು ನನ್ನ ಕಾಲು ಕಿತ್ತುಕೊಂಡು ಊರವರ ಕಾಲೆಲ್ಲ ತೋರಿಸ್ತಿದ್ದಾನೆ" ಎನ್ನುತ್ತಿದ್ದಳು ಅಕ್ಕ.

ಚಳಿಗಾಲ ಶುರುವಾದಾಗ ಅವಳು ನಗುವುದನ್ನು ಬಿಟ್ಟಳು.

"ಕಾಲು ಇದೆಯೋ ಇಲ್ವೋ ಗೊತ್ತಾಗಲ್ಲ, ಚಳಿ ಮಾತ್ರ ಗೊತ್ತಾಗುತ್ತೆ. ಇದು ಯಾವ ನ್ಯಾಯ ಹೇಳು."

"ಇನ್ನೊಂದು ಕಂಬಳಿ ಹೊದಿಸ್ಲಾ?"

"ಹೊದಿಸು. ಹೆಣಕ್ಕೆ ಹೊದಿಸ್ತಾರಲ್ಲ, ಹಾಗೆ."

ಆ ತಿಂಗಳು ಒಂದು ಅನಾಹುತ ಆಗಲೇ ಆಗಿಹೋಗಿತ್ತು. ಸ್ನಾನ ಮಾಡಿಸುವಾಗ ಅವನು ನಲ್ಲಿ ತಿರುಗಿಸಲು ಬಗ್ಗಿದ ಚಣದಲ್ಲಿ ಅಕ್ಕ ಗಾಲಿಕುರ್ಚಿಯಿಂದ ಜಾರಿ ಬಿದ್ದಳು. ಹಣೆಗೆ ಏಳು ಹೊಲಿಗೆ. ಅವನು ನಾಲ್ಕು ದಿನ ರಜೆ ಹಾಕಿ ಪಕ್ಕದಲ್ಲೇ ಕೂತ. ಅಕ್ಕನ ಮಗಳು ಮೊದಲ ಬಸ್ಸಿಗೇ ಬಂದಳು. ಮೂವತ್ತೈದು ದಾಟಿದ ಹೆಂಗಸು. ಅವನ ಬಾಯಲ್ಲಿ ಇನ್ನೂ ಪುಟ್ಟಿ. ತಾಯಿಯ ಹಣೆ ನೋಡಿದಳು, ಒದ್ದೆ ನೆಲ ನೋಡಿದಳು, ಆಮೇಲೆ ಅವನನ್ನು ಹೊರಗಿನ ಮೆಟ್ಟಿಲಿಗೆ ಕರೆದಳು.

"ಮಾವ, ನೀವು ಪ್ರೀತಿಯಿಂದ ನೋಡ್ಕೊಳ್ತೀರಿ, ನಂಗೊತ್ತು. ಆದ್ರೆ ಪ್ರೀತಿಗೆ ಎರಡೇ ಕೈ. ನಮ್ಮ ಕಡೆ ಒಂದು ಆರೈಕೆ ಮನೆ ಇದೆ. ನಲವತ್ತು ಹಾಸಿಗೆ. ಒಂದು ಜಾಗ ಹಿಡಿದಿಟ್ಟಿದ್ದೀನಿ."

"ಅವಳು ಅಲ್ಲಿ ಬದುಕಲ್ಲ ಪುಟ್ಟಿ."

"ಇಲ್ಲಿ ಬದುಕ್ತಾಳಾ? ಇನ್ನೊಂದು ಸಲ ಏನಾದ್ರೂ ಆದ್ರೆ ನಾನು ಯಾರ ಮಾತೂ ಕೇಳಲ್ಲ. ಹೇಳಿಬಿಟ್ಟಿದ್ದೀನಿ."

ಒಳಗೆ ಅಕ್ಕನಿಗೆ ಎಲ್ಲ ಕೇಳಿಸಿತ್ತು. ಟೆಲಿಫೋನಿನಲ್ಲಿ ಮೂವತ್ತು ವರ್ಷ ಕಳೆದವಳ ಕಿವಿ. ಮಗಳು ಹೊರಟ ಮೇಲೆ ತಮ್ಮನ ತೋಳು ಹಿಡಿದಳು. "ಅಲ್ಲಿ ಆರು ಗಂಟೆಗೇ ದೀಪ ಆರಿಸ್ತಾರಂತೆ. ಮಾತಾಡಿದ್ರೆ ಶ್ ಅಂತಾರಂತೆ. ನನ್ನನ್ನ ಕಳಿಸಬೇಡ ಕಣೋ. ಏನೇ ಆದ್ರೂ."

"ಕಳಿಸಲ್ಲ" ಎಂದ ಅವನು.

ರಜೆ ಮುಗಿದು ಕೆಲಸಕ್ಕೆ ಹೋದ ಮೊದಲ ದಿನ, ಗುರುವಾರ, ಊಟದ ಬಿಡುವಿನಲ್ಲಿ ಅವನು ಅಕ್ಕನ ಕಾಲಿಗೊಂದು ಬಿಸಿ ಹಾಸು ಮಾಡಲು ಕೂತ. ಎರಡು ಪಾದಗಳನ್ನೂ ಸುತ್ತಿಕೊಳ್ಳುವಷ್ಟು ದಪ್ಪ ಬಟ್ಟೆ. ಅಂಗೈಯಿಟ್ಟು ಅಳೆದ, ಇಪ್ಪತ್ತನಾಲ್ಕು ಅಂಗೈ ಬಂತು. ಅಂದರೆ ಇಪ್ಪತ್ತನಾಲ್ಕು ವ್ಯಾಟ್. ಶಾಕ್ ಹೊಡೆಯದಿರಲೆಂದು ಇಪ್ಪತ್ತನಾಲ್ಕೇ ವೋಲ್ಟಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಆರಿಸಿದ್ದ. ಲೆಕ್ಕ ಬಾಯಲ್ಲೇ ಆಗುವಂಥದ್ದು: ಒಂದು ಆಂಪಿಯರ್ ಹರಿಯಬೇಕು, ಇಪ್ಪತ್ತನಾಲ್ಕು ಓಮ್ ರೋಧ ಇರಬೇಕು. ಇಷ್ಟು ಅಂದವಾದ ಲೆಕ್ಕ ಬಾಳಿನಲ್ಲಿ ದಿನಾ ಸಿಗುವುದಿಲ್ಲ ಅನ್ನಿಸಿ ಅವನಿಗೆ ತುಸು ಖುಷಿಯೂ ಆಯಿತು.

ಡ್ರಮ್ಮಿನ ತಳದಲ್ಲಿ ಮಿಕ್ಕಿದ್ದ ತಂತಿ ತೆಗೆದ. ಯಾವ ದಪ್ಪದ್ದೋ, ಚೀಟಿ ಎಂದೋ ಹರಿದುಹೋಗಿತ್ತು. ಉದ್ದಕ್ಕೆ ಬಿಡಿಸಿ ವಿದ್ಯುತ್ ಕೊಟ್ಟು, ಕ್ಲಿಪ್ಪನ್ನು ತಂತಿಯ ಮೇಲೆ ಸ್ವಲ್ಪ ಸ್ವಲ್ಪವೇ ಈಚೆಗೆ ಸರಿಸುತ್ತ ಬಂದ. ತಂತಿ ಗಿಡ್ಡವಾದಂತೆ ತಡೆಯುವುದು ಕಡಿಮೆಯಾಗಿ ಮುಳ್ಳು ಏರುತ್ತದೆ. ಒಂದು, ಒಂದೂಕಾಲು, ಒಂದೂವರೆ. ಬಡಾಯಿಯ ಒಂದೂವರೆ ಎಂದರೆ ನಿಜದ ಒಂದು. ಅಲ್ಲಿಗೆ ನಿಲ್ಲಿಸಿ ತಂತಿ ಕತ್ತರಿಸಿದ. ಅಂದುಕೊಂಡದ್ದಕ್ಕಿಂತ ಕಡಿಮೆ ತಂತಿ ಹಿಡಿದಿತ್ತು. ಒಳ್ಳೆಯದೇ ಆಯಿತು, ಹೊಲಿಯುವ ಕೆಲಸ ಕಡಿಮೆಯಾಯಿತು ಎಂದುಕೊಂಡ.

ಹೊಲಿದು ಮುಗಿಸಿ, ಬೂಟು ಬಿಚ್ಚಿ ತನ್ನ ಕಾಲನ್ನೇ ಅದರ ಮೇಲೆ ಹತ್ತು ನಿಮಿಷ ಇಟ್ಟುಕೊಂಡ. ಬೆಚ್ಚಗೆ, ಬೆಕ್ಕೊಂದು ಬಂದು ಕೂತ ಹಾಗಿತ್ತು.

ಶುಕ್ರವಾರ ಬೆಳಗ್ಗೆ ಎಂಟಕ್ಕೆ ಅಕ್ಕನ ಪಾದಗಳಿಗೆ ಸುತ್ತಿ, ಮೇಲೆ ಕಂಬಳಿ ಹೊದಿಸಿ, ಸ್ವಿಚ್ಚನ್ನು ಅವಳ ಕೈಗೆ ಸಿಗುವಂತಿಟ್ಟು ಕೆಲಸಕ್ಕೆ ಹೋದ. ಮಧ್ಯಾಹ್ನ ಊಟ ಕೊಡಲು ಬರುವ ಎದುರುಮನೆಯಾಕೆಯ ಹತ್ತಿರ ಅಕ್ಕ ಇಡೀ ಹೊತ್ತು ಆ ಹಾಸಿನ ಗುಣಗಾನ ಮಾಡಿದಳಂತೆ. ಸಂಜೆ ಐದೂವರೆಗೆ ಅವನು ಬಂದಾಗಲೂ ಅವಳ ಮುಖದಲ್ಲಿ ಬಣ್ಣವಿತ್ತು.

"ಎರಡು ವರ್ಷದಲ್ಲಿ ಮೊದಲ ಸಲ ಚಳಿ ಬಿಟ್ಟಿದೆ. ಬೆನ್ನು ಕೂಡ ಬೆಚ್ಚಗಾಯ್ತು. ನಿನ್ನ ಕೈಗೆ ಚಿನ್ನದ ಬಳೆ ತೊಡಿಸಬೇಕು ಕಣೋ ಸುರುಳಿ."

"ತೊಡಿಸು, ಮಾರಿ ಹಾಲು ತರ್ತೀನಿ" ಎನ್ನುತ್ತಾ ಕಂಬಳಿ ಸರಿಸಿದ. ಹಾಸು ಬಿಚ್ಚಿದ. ಬಲಗಾಲಿನ ಬೆರಳುಗಳೂ ಪಾದದ ಹೊರಬದಿಯೂ ಬೆಳ್ಳಗೆ, ಒಣಗಿ, ಮೇಣ ಹಚ್ಚಿದ ಕಾಗದದಂತಿದ್ದವು. ಎಡಗಾಲಿನಲ್ಲಿ ಎರಡು ಬೊಬ್ಬೆ. ಅಕ್ಕ ಕತ್ತು ಎತ್ತಿದಳು.

"ಏನಾಯ್ತೋ?"

"ಸುಟ್ಟಿದೆ ಅಕ್ಕ."

ಅವಳು ತನ್ನ ಪಾದವನ್ನು ಬೇರೆ ಯಾರದೋ ಸಾಮಾನಿನಂತೆ ನೋಡಿದಳು. ಆಮೇಲೆ ಕೇಳಿದ್ದು ಒಂದೇ: "ಪುಟ್ಟಿಗೆ ಏನು ಹೇಳೋದು?"

ಶನಿವಾರ ಬೀದಿಯ ಕೊನೆಯ ಚಿಕಿತ್ಸಾಲಯಕ್ಕೆ ಗಾಲಿಕುರ್ಚಿ ತಳ್ಳಿಕೊಂಡು ಹೋದ. ಗಾಯ ತೊಳೆಯುವ ದಾದಿ ದಪ್ಪ ಕನ್ನಡಕದ, ಗಡಸು ದನಿಯ ಹೆಂಗಸು. ಹೇಗಾಯಿತು ಎಂದು ಕೇಳಿದಾಗ ಅವನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿಬಿಟ್ಟಳು: "ಬಿಸಿನೀರಿನ ಚೀಲ. ನಾನೇ ಕಾಲ ಹತ್ತಿರ ಇಟ್ಟುಕೊಂಡಿದ್ದೆ, ಮುಚ್ಚಳ ಸಡಿಲ ಇತ್ತು. ಇವನು ಮನೇಲಿರಲಿಲ್ಲ ಪಾಪ."

"ನೀರಾದ್ರೆ ಮೇಲ್ಚರ್ಮ ಅಷ್ಟೇ" ಎಂದಳು ದಾದಿ. "ಮುಲಾಮು ಹಚ್ಚಿ, ಎರಡು ಮೂರು ದಿನಕ್ಕೊಮ್ಮೆ ಪಟ್ಟಿ ಬದಲಾಯಿಸಿದ್ರೆ ಹತ್ತು ದಿನದಲ್ಲಿ ವಾಸಿ."

ಸುರುಳಿ ತಡೆಯಲಿಲ್ಲ. ಹತ್ತು ದಿನ ಎಂಬ ಮಾತು ಅವನಿಗೂ ಹಿತವಾಗಿತ್ತು. ಅಲ್ಲದೆ ಲೆಕ್ಕದಲ್ಲಿ ತಪ್ಪಿರಲು ಸಾಧ್ಯವಿರಲಿಲ್ಲ. ಹಾಸು ಎಲ್ಲೋ ಮಡಿಚಿಕೊಂಡಿರಬೇಕು, ಒಂದು ಅಂಗೈ ಜಾಗದಲ್ಲಿ ಎರಡು ಅಂಗೈ ಬಿಸಿ ಕೂಡಿರಬೇಕು ಎಂದು ತೀರ್ಮಾನಿಸಿದ್ದ. ಭಾನುವಾರ ಪುಟ್ಟಿ ಬಂದಳು. ಅವಳಿಗೂ ಅದೇ ಬಿಸಿನೀರಿನ ಕಥೆ, ಈಗ ಚೀಲದ ಬಣ್ಣವೂ ಸೇರಿಕೊಂಡು. ಅವಳು ಸಿಡುಕಿದಳು, ತಾಯಿಗೆ ಬೈದಳು, ಹೊರಡುವಾಗ ಮೆಟ್ಟಿಲ ಮೇಲೆ ನಿಂತು, "ಅಮ್ಮ ತಾನೇ ಮಾಡ್ಕೊಂಡದ್ದಕ್ಕೆ ನಿಮ್ಮನ್ನ ಅಂದು ಏನು ಪ್ರಯೋಜನ ಮಾವ" ಎಂದಳು. ಆ ಮಾತು ಅವನಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು.

ಸೋಮವಾರ ಬೆಂಚಿನ ಮುಂದೆ ಕೂತು ಒಂದು ಒಲೆಯ ಸುರುಳಿ ಪರೀಕ್ಷಿಸುತ್ತಿದ್ದ. ಮುಳ್ಳು ಆರರಲ್ಲಿ ನಿಂತಿತು. ಅಭ್ಯಾಸದಂತೆ ನಾಲ್ಕು ಎಂದು ಬರೆದ. ಪಕ್ಕದಲ್ಲಿ ತಂತಿ ಸುತ್ತುತ್ತಿದ್ದವನು ಇಣುಕಿ ನೋಡಿದ. ಬಾಯಿಗೆ ಬಿಡುವಿಲ್ಲದ ಅವನನ್ನು ಕಾರ್ಖಾನೆಯವರು ರೇಡಿಯೊ ಎನ್ನುತ್ತಿದ್ದರು.

"ಏನಪ್ಪಾ, ಇನ್ನೂ ಕಳೀತಾ ಇದ್ದೀಯ? ನಮ್ಮ ಬಡಾಯಿ ಸತ್ಯವಂತ ಆಗಿಬಿಟ್ಟಿದ್ದಾನೆ, ಯಾರೂ ಹೇಳ್ಲಿಲ್ವಾ?"

"ಅಂದ್ರೆ?"

"ಹೊಸ ಸೂಪರ್‌ವೈಸರ್ ಮೇಡಂ ಮಾಡಿದ ಕೆಲಸ. ಹೋದ ಮಂಗಳವಾರ ರಿಪೇರಿಗೆ ಕಳಿಸಿ, ಬುಧವಾರ ತರಿಸಿ ಕೂರಿಸಿದ್ರು. ಎಲ್ಲರನ್ನೂ ಕರೆದು ಹೇಳಿದ್ರು, ಗೋಡೆಗೆ ಚೀಟಿನೂ ಅಂಟಿಸಿದ್ದಾರೆ. ಈಗ ಆರು ಅಂದ್ರೆ ಆರೇ. ನಮಗೇ ಅಭ್ಯಾಸ ತಪ್ತಿಲ್ಲ, ಸತ್ಯ ಹೇಳಿದ್ರೆ ನಂಬಿಕೇನೇ ಬರಲ್ಲ ನೋಡು." ರೇಡಿಯೊ ನಕ್ಕ. "ಓ, ನೀನು ಆಗ ರಜೆ ಅಲ್ವಾ. ನಿಮ್ಮ ಅಕ್ಕ ಹೇಗಿದ್ದಾರೆ?"

ಸುರುಳಿ ಗೋಡೆಯತ್ತ ನೋಡಿದ. ರಜೆಯ ಪಟ್ಟಿ, ಬೆಂಕಿ ಬಿದ್ದರೆ ಏನು ಮಾಡಬೇಕೆಂಬ ಹಳದಿ ಹಾಳೆ, ಅದರ ಕೆಳಗೆ ಅಚ್ಚುಕಟ್ಟಾದ ಅಕ್ಷರದ ಒಂದು ಬಿಳಿ ಚೀಟಿ. ಇಪ್ಪತ್ತೆರಡು ವರ್ಷದಲ್ಲಿ ಆ ಗೋಡೆಯನ್ನು ಓದಿದವರಿರಲಿಲ್ಲ. ಹೊಸ ಮೇಡಂ ಮಾಡಿದ್ದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಹಾಗಾಗಿ ಅವನಿಗೆ ಸಿಟ್ಟು ಮಾಡಿಕೊಳ್ಳಲೂ ಯಾರೂ ಸಿಗಲಿಲ್ಲ.

ಲೆಕ್ಕ ಬೇಡವೆಂದರೂ ತಲೆಯೊಳಗೆ ನಡೆದೇ ಹೋಯಿತು. ಒಂದೂವರೆ ಎಂದರೆ ಒಂದೂವರೆ. ಇಪ್ಪತ್ತನಾಲ್ಕನ್ನು ಒಂದೂವರೆಯಿಂದ ಭಾಗಿಸಿದರೆ ಹದಿನಾರು ಓಮ್. ಗುಣಿಸಿದರೆ ಮೂವತ್ತಾರು ವ್ಯಾಟ್. ಅಂಗೈಗೆ ಒಂದಲ್ಲ, ಒಂದೂವರೆ. ದಪ್ಪ ಕಂಬಳಿಯ ಕೆಳಗೆ, ಬೆಳಗ್ಗೆ ಎಂಟರಿಂದ ಸಂಜೆ ಐದೂವರೆಯವರೆಗೆ. ನೋವು ಗೊತ್ತಾಗುವ ಕಾಲಾಗಿದ್ದರೆ ಒಂದು ಗಂಟೆಯಲ್ಲಿ ಎಳೆದುಕೊಳ್ಳುತ್ತಿತ್ತು. ಇದು ಮೇಲೆ ಬಿದ್ದು ಹರಿದುಹೋದ ನೀರಲ್ಲ. ಒಂಬತ್ತೂವರೆ ಗಂಟೆ ಒಂದೇ ಜಾಗದಲ್ಲಿ ಕೂತು ಒಳಗಿಳಿದ ಬಿಸಿ. ಹೀಟರಿನಲ್ಲಿ ತಂತಿ ಸುತ್ತುವ ಮೈಕಾ ಹಾಳೆಗಳು ಬಿಸಿಗೆ ಹೇಗೆ ಒಳಗೊಳಗೇ ಬೇಯುತ್ತವೆ, ಮೇಲಿನ ಪದರ ಬರೀ ಬೆಳ್ಳಗಾದಂತೆ ಕಾಣುವಾಗ ತಳ ಹೇಗೆ ಪುಡಿಯಾಗಿರುತ್ತದೆ ಎಂದು ಅವನು ಸಾವಿರ ಸಲ ನೋಡಿದ್ದ. ದಾದಿ ಹತ್ತು ದಿನ ಎಂದದ್ದು ನೀರಿನ ಗಾಯಕ್ಕೆ. ಈ ಗಾಯಕ್ಕೆ ಎಷ್ಟು ದಿನ ಎಂದು ಯಾರೂ ಹೇಳಿರಲಿಲ್ಲ, ಯಾಕೆಂದರೆ ಯಾರಿಗೂ ಇದು ಗೊತ್ತಿರಲಿಲ್ಲ.

ಆ ಸಂಜೆ ಅಕ್ಕನ ಹಾಸಿಗೆಯ ಅಂಚಿನಲ್ಲಿ ಕೂತು ಎಲ್ಲ ಹೇಳಿದ. ಅಕ್ಕ ಕಿಟಕಿಯಾಚೆ ಹೋಗುವ ಪಾದಗಳನ್ನೇ ನೋಡುತ್ತಾ ಕೇಳಿದಳು.

"ಹನ್ನೆರಡು ವ್ಯಾಟ್ ಹೆಚ್ಚಾಯ್ತು ಅಂತೀಯ. ಅಂದ್ರೆ ಎಷ್ಟು?"

"ಸಣ್ಣ ಬಲ್ಬಿನಷ್ಟು."

"ಅಷ್ಟೇನಾ. ಅದಕ್ಕೆ ಯಾಕೆ ಮುಖ ಹೀಗೆ ಮಾಡ್ಕೊಂಡಿದ್ದೀಯ."

"ನಾಳೆ ದಾದಿಗೆ ನಿಜ ಹೇಳ್ಬೇಕು ಅಕ್ಕ. ಅವರು ತಪ್ಪು ಔಷಧಿ ಮಾಡ್ತಿದ್ದಾರೆ."

"ಹೇಳಿದ್ರೆ ಪುಟ್ಟಿಗೆ ಗೊತ್ತಾಗುತ್ತೆ. ಗೊತ್ತಾದ್ರೆ ಆ ನಲವತ್ತು ಹಾಸಿಗೆ." ಅವಳು ಈಗ ಅವನತ್ತ ತಿರುಗಿದಳು. "ನೀನು ಮಾತು ಕೊಟ್ಟಿದ್ದೀಯ. ನನಗೆ ಬೇಕಾಗಿರೋದು ಈ ಕೋಣೆ. ಕಾಲು ನಾನು ಕೇಳಿಲ್ಲ."

"ಕೊಳೆತ್ರೆ?"

"ನೋವಂತೂ ಆಗಲ್ವಲ್ಲ" ಎಂದಳು ಅಕ್ಕ, ದೊಡ್ಡ ಅನುಕೂಲವೊಂದನ್ನು ನೆನಪಿಸುವವಳಂತೆ.

ಮಂಗಳವಾರ ಪಟ್ಟಿ ಬಿಚ್ಚಿದಾಗ ವಾಸನೆ ಬಂತು. ದಾದಿ ಕನ್ನಡಕ ಹಣೆಗೇರಿಸಿ ಬಗ್ಗಿದಳು. ಕಿರುಬೆರಳೂ ಅದರ ಪಕ್ಕದ್ದೂ ಬೂದಿಬಣ್ಣಕ್ಕೆ ತಿರುಗಿದ್ದವು.

"ಇದು ನೀರಿನ ಗಾಯದ ಹಾಗೆ ಕಾಣ್ತಿಲ್ವಲ್ಲ."

"ನೀರು ಕುದೀತಾ ಇತ್ತು" ಎಂದಳು ಅಕ್ಕ. "ಆಗಷ್ಟೇ ಒಲೆಯಿಂದ ಇಳಿಸಿದ್ದು."

"ಎಷ್ಟು ಹೊತ್ತು ಇತ್ತು ಕಾಲ ಮೇಲೆ?"

"ಬಿತ್ತು, ಹರೀತು. ಅಷ್ಟೇ."

ದಾದಿ ಯೋಚಿಸಿದಳು. ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದಳು, ಇಲ್ಲ ಎಂದಾಗ ಇನ್ನೂ ಯೋಚಿಸಿದಳು. "ಇನ್ನೆರಡು ದಿನ ನೋಡೋಣ" ಎಂದು ಮುಲಾಮಿನ ಡಬ್ಬಿಗೆ ಕೈ ಹಾಕಿದಳು. ಅಕ್ಕನ ಕೈ ಕುರ್ಚಿಯ ತೋಳಿನ ಮೇಲೆ ಸಡಿಲವಾಯಿತು. ಸುರುಳಿ ಡಬ್ಬಿಯನ್ನು ನೋಡಿದ. ಅದರ ಮುಚ್ಚಳ ತಿರುಗುತ್ತಿತ್ತು.

"ನೀರಲ್ಲ" ಎಂದ.

"ಲೋ" ಎಂದಳು ಅಕ್ಕ, ಮೆಲ್ಲಗೆ.

"ನೀರಲ್ಲ ದಾದಿಯಮ್ಮ. ವಿದ್ಯುತ್ ಹಾಸು. ನಾನು ಮಾಡಿದ್ದು. ಇಪ್ಪತ್ತನಾಲ್ಕು ವ್ಯಾಟ್ ಇರಬೇಕಿತ್ತು, ಮೂವತ್ತಾರಾಯ್ತು. ಒಂಬತ್ತೂವರೆ ಗಂಟೆ ಕಾಲಿಗೆ ಸುತ್ತಿತ್ತು."

ದಾದಿ ಡಬ್ಬಿ ಮುಚ್ಚಿದಳು. ಬೈಯಲಿಲ್ಲ. ಕಾಗದವೊಂದರ ಮೇಲೆ ಏನೋ ಬರೆದು, ದೊಡ್ಡ ಆಸ್ಪತ್ರೆಗೆ ಈಗಲೇ ಹೋಗಿ, ಈಗಲೇ ಎಂದಳು. ಮನೆಯವರು ಬೇರೆ ಯಾರಿದ್ದಾರೆ ಎಂದೂ ಕೇಳಿದಳು. ಅವನು ಪುಟ್ಟಿಯ ನಂಬರು ಹೇಳಿದ. ಅಕ್ಕ ಗೋಡೆಯ ಮೇಲಿದ್ದ, ಕಿವಿಯ ಒಳಭಾಗದ ಚಿತ್ರವನ್ನು ನೋಡುತ್ತಿದ್ದಳು.

ದೊಡ್ಡ ಆಸ್ಪತ್ರೆಯ ಡಾಕ್ಟರು ಎಳೆಯ ವಯಸ್ಸಿನವನು, ನಿದ್ದೆಗೆಟ್ಟ ಕಣ್ಣು. ಸುರುಳಿ ಅವನಿಗೂ ಎಲ್ಲ ಹೇಳಿದ: ವೋಲ್ಟು, ಆಂಪಿಯರು, ಓಮು, ಗಂಟೆಗಳು.

"ವ್ಯಾಟ್ ನನಗೆ ಅರ್ಥ ಆಗಲ್ಲ" ಎಂದ ಡಾಕ್ಟರು. "ಎಷ್ಟು ಡಿಗ್ರಿ ಇತ್ತು?"

ಅದು ಸುರುಳಿಗೆ ಗೊತ್ತಿರಲಿಲ್ಲ. ಬಿಸಿಯನ್ನು ತಯಾರಿಸುವುದೇ ಕಸುಬಾದವನು ಅದು ಮನುಷ್ಯನ ಮೈಯಲ್ಲಿ ಎಷ್ಟಾಗುತ್ತದೆ ಎಂದು ಎಂದೂ ಅಳೆದಿರಲಿಲ್ಲ. ಡಾಕ್ಟರು ಉತ್ತರಕ್ಕೆ ಕಾಯಲೂ ಇಲ್ಲ. ಒಳಗಿನ ಮಾಂಸ ಸತ್ತಿದೆ, ಎರಡು ಬೆರಳು ತೆಗೆಯಬೇಕು, ಈಗ ಬಂದದ್ದರಿಂದ ಪಾದ ಉಳಿಯಬಹುದು. ಇನ್ನೆರಡು ದಿನ ಬಿಟ್ಟಿದ್ದರೆ ಮೊಣಕಾಲಿನವರೆಗೆ ಲೆಕ್ಕ ಹಾಕಬೇಕಾಗುತ್ತಿತ್ತು ಎಂದ.

ಪುಟ್ಟಿ ಬಂದಾಗ ಸುರುಳಿ ಆಸ್ಪತ್ರೆಯ ಕಾರಿಡಾರಿನ ಬೆಂಚಿನಲ್ಲಿದ್ದ. ಅವಳು ಎಲ್ಲ ಕೇಳಿಕೊಂಡಳು. ಅವನು ಮೀಟರಿನ ವಿಷಯ ಹೇಳಹೊರಟಾಗ ಕೈಯೆತ್ತಿ ತಡೆದಳು.

"ಯಾರ ಲೆಕ್ಕ ಎಲ್ಲಿ ತಪ್ತು ಅಂತ ನಾನು ಕೇಳ್ತಿಲ್ಲ ಮಾವ. ಭಾನುವಾರ ನನ್ನ ಮುಖ ನೋಡಿಕೊಂಡು ಇಬ್ಬರೂ ಬಿಸಿನೀರು ಅಂದ್ರಲ್ಲ."

"ಆಗ ನನಗೆ ಗೊತ್ತಿರಲಿಲ್ಲ ಪುಟ್ಟಿ, ಲೆಕ್ಕ ತಪ್ಪಿದ್ದು."

"ನೀರಲ್ಲ ಅಂತ ಗೊತ್ತಿತ್ತಲ್ಲ."

ಗೊತ್ತಿತ್ತು. ಅವಳು ಅಳಲಿಲ್ಲ, ಪಕ್ಕದಲ್ಲಿ ಕೂತಳು, ಚೀಲದಿಂದ ಬಾಟಲಿ ತೆಗೆದು ಅವನಿಗೆ ನೀರು ಕೊಟ್ಟಳು. ಆರೈಕೆ ಮನೆಗೆ ಫೋನು ಮಾಡಿದ್ದನ್ನು ಆಮೇಲೆ ಹೇಳಿದಳು.

ಹದಿಮೂರು ದಿನ ಅಕ್ಕ ಆಸ್ಪತ್ರೆಯಲ್ಲಿದ್ದಳು. ಪಕ್ಕದ ಹಾಸಿಗೆಯವರ ಜೊತೆ ಮಾತಾಡಿದಳು, ನೆಲ ಒರೆಸುವವಳ ಸಂಸಾರದ ಕಥೆಯೆಲ್ಲ ಕೇಳಿ ತಿಳಿದುಕೊಂಡಳು, ಡಾಕ್ಟರಿಗೆ ಬೇಗ ಮದುವೆಯಾಗು ಎಂದು ಬುದ್ಧಿ ಹೇಳಿದಳು. ತಮ್ಮ ಬಂದರೆ ಮಾತ್ರ ಬಾಯಿಗೆ ಬೀಗ. ಅವನು ಬಾಚಣಿಗೆ ತಂದುಕೊಟ್ಟರೆ ತೆಗೆದುಕೊಳ್ಳುತ್ತಿದ್ದಳು, ಬಾಚಿಕೊಳ್ಳುತ್ತಿದ್ದಳು, ಪಕ್ಕಕ್ಕಿಡುತ್ತಿದ್ದಳು. ಏನಾದರೂ ಬೇಕಾದರೆ ಪಕ್ಕದ ಹಾಸಿಗೆಯ ಮುದುಕಿಯ ಮೂಲಕ ಹೇಳಿಸುತ್ತಿದ್ದಳು. "ನಿಮ್ಮ ಅಕ್ಕನಿಗೆ ದಿಂಬು ಎತ್ತರ ಆಯ್ತಂತೆ" ಎನ್ನುತ್ತಿದ್ದಳು ಆ ಮುದುಕಿ, ಮುಜುಗರದಿಂದ. ಅವನು ದಿಂಬು ತಗ್ಗಿಸುತ್ತಿದ್ದ.

ಬಿಡುಗಡೆಯ ದಿನ ಪುಟ್ಟಿ ಬಾಡಿಗೆ ಕಾರು ತಂದಳು. ಅಕ್ಕನ ಬಟ್ಟೆಬರೆ ಅವನೇ ಮನೆಯಿಂದ ಕಟ್ಟಿ ತಂದಿದ್ದ, ಎರಡು ಚೀಲ. ಕುರ್ಚಿಯಿಂದ ಅವಳನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿದವನೂ ಅವನೇ. ಬೇರೆ ಯಾರು ಎತ್ತಿದರೂ ಅವಳಿಗೆ ಸೊಂಟ ಹಿಡಿಯುತ್ತಿತ್ತು. ಎತ್ತುವಾಗ ಅವಳ ಕೈಗಳು ಎಂದಿನಂತೆ ಅವನ ಕುತ್ತಿಗೆಗೆ ಬಿದ್ದವು, ಎಂದಿಗಿಂತ ತುಸು ಹೆಚ್ಚು ಹೊತ್ತು ಅಲ್ಲಿದ್ದವು. ಅವನು ಕಾಲ ಕೆಳಗೆ ಮೆತ್ತೆಯಿಟ್ಟ. ಬೆಲ್ಟು ಹಾಕಿದ. ಇನ್ನೇನೂ ಮಾಡಲು ಉಳಿಯಲಿಲ್ಲ.

"ನಾನು ಹೇಳಿದ ಸುಳ್ಳಿನಿಂದ ಯಾರಿಗೆ ಏನು ನಷ್ಟ ಆಗಿತ್ತೋ?" ಎಂದಳು ಅಕ್ಕ. ಹದಿಮೂರು ದಿನಗಳಲ್ಲಿ ಮೊದಲ ಮಾತು.

"ಕಾಲು ಹೋಗ್ತಿತ್ತು ಅಕ್ಕ."

"ಅದು ಹೋಗಿ ಎರಡು ವರ್ಷ ಆಯ್ತು. ಈಗ ನೀನು ಉಳಿಸಿದ್ದು ಯಾರಿಗೆ?"

ಪುಟ್ಟಿ ಮುಂದಿನ ಸೀಟಿನಲ್ಲಿ ಕೂತು ಕನ್ನಡಿಯಲ್ಲಿ ಇಬ್ಬರನ್ನೂ ನೋಡಿದಳು. ಡ್ರೈವರು ಇಂಜಿನ್ ಶುರು ಮಾಡಿದ. ಭಾನುವಾರ ಬರುತ್ತೇನೆ ಎಂದು ಸುರುಳಿ ಕಾರಿನ ಬಾಗಿಲು ಹಿಡಿದು ಹೇಳಿದ. ಎರಡು ಗಂಟೆಯ ದಾರಿ ಅಷ್ಟೇ, ಪ್ರತಿ ಭಾನುವಾರ ಬರುತ್ತೇನೆ ಎಂದ. ಅಕ್ಕ ಆಸ್ಪತ್ರೆಯ ಬಾಗಿಲಲ್ಲಿ ಒಳಹೊರಗೆ ಓಡಾಡುವವರನ್ನು ನೋಡುತ್ತಿದ್ದಳು. ಇಲ್ಲಿಂದ ಅವರ ಮುಖಗಳೂ ಕಾಣುತ್ತಿದ್ದವು.

"ಮಾವ" ಎಂದಳು ಪುಟ್ಟಿ. "ಬಾಗಿಲು ಬಿಡಿ."

ಅವನು ಕೈ ತೆಗೆದ.